ಎರಡೂಮುಕ್ಕಾಲು ಇಂಚಿನ ಪಟ್ಟಿ

ಹೇಳಿಕೆ ಕೊಡುತ್ತಿರುವವರು: ಊರಿನಲ್ಲಿ ಪಟದಂಗಡಿಯವರು ಎಂದು ಕರೆಯಲ್ಪಡುವ ನಾನು, ವಯಸ್ಸು 58 ವರ್ಷ, ಉದ್ಯೋಗ ಪಟಗಳಿಗೆ ಚೌಕಟ್ಟು ಹಾಕುವುದು, ವಾಸ ಗಡಿಯಾರ ರಿಪೇರಿ ಅಂಗಡಿಯ ಎದುರು, ಕೆಳಗೆ ಅಂಗಡಿ, ಮೇಲೆ ಮನೆ, ನಡುವೆ 19 ಮೆಟ್ಟಿಲು. ಈ ದಿನ ಏಪ್ರಿಲ್ 28ರಂದು ಮಧ್ಯಾಹ್ನ 2-30 ಗಂಟೆಗೆ ಖುದ್ದಾಗಿ ಠಾಣೆಗೆ ಬಂದು, ಯಾರ ಒತ್ತಾಯವೂ ಇಲ್ಲದೆ, ಈ ಮೂಲಕ ತಿಳಿಸುವುದೇನೆಂದರೆ,

ನಾನು 31 ವರ್ಷಗಳಿಂದ ಇದೇ ಕಸುಬಿನಲ್ಲಿದ್ದೇನೆ. ನನ್ನ ಹೆಂಡತಿ, ವಯಸ್ಸು 54 ವರ್ಷ, ಅದೇ ಅಂಗಡಿಯಲ್ಲಿ ಗಾಜು ಕತ್ತರಿಸುವ ಮತ್ತು ಒರೆಸುವ ಕೆಲಸ ಮಾಡಿಕೊಂಡಿದ್ದಳು. ಮನೆಯಲ್ಲಿ ನಾವಿಬ್ಬರೇ. ಹೇಳಿಕೆ ಬರೆದುಕೊಳ್ಳುತ್ತಿರುವ ಮುಖ್ಯ ಪೇದೆಯವರು ಘಟನೆಯಿಂದ ಶುರುಮಾಡಿ ಎಂದರು. ಘಟನೆ ಶುರುವಾದದ್ದು ಒಂಬತ್ತು ವರ್ಷದ ಹಿಂದೆ ಎಂದು ನಾನು ಹಟ ಹಿಡಿದಿದ್ದರಿಂದ ಅಲ್ಲಿಂದಲೇ ಬರೆದುಕೊಳ್ಳಲು ಒಪ್ಪಿದ್ದಾರೆ.

ಒಂಬತ್ತು ವರ್ಷದ ಹಿಂದೆ ಆಗಸ್ಟ್ 17ರಂದು ಸುಮಾರು 35 ವರ್ಷದ ಒಬ್ಬ ಗಂಡಸು ನನ್ನ ಅಂಗಡಿಗೆ ಬಂದು ಒಂದು ಪ್ರಮಾಣಪತ್ರಕ್ಕೆ ಚೌಕಟ್ಟು ಹಾಕಿಕೊಡಬೇಕೆಂದು ಕೇಳಿದರು. ಕಾಗದ ಹತ್ತು ಇಂಚು ಅಗಲ, ಹದಿನಾಲ್ಕು ಇಂಚು ಎತ್ತರ ಇತ್ತು. ನಡುಭಾಗಕ್ಕೆ ನೀರು ಬಿದ್ದು ಶಾಯಿ ಹರಡಿಕೊಂಡಿದೆ, ನೋಡಲು ಅಸಹ್ಯವಾಗಿದೆ, ಅದು ಕಾಣದ ಹಾಗೆ ಮಾಡಿಕೊಡಿ ಎಂದರು. ಅಳತೆಯನ್ನು ಅವರೇ ಚೀಟಿಯಲ್ಲಿ ಬರೆದುಕೊಂಡು ಬಂದಿದ್ದರು: ಮೇಲಿನಿಂದ ಐದು ಇಂಚು ಬಿಟ್ಟು, ಎರಡೂಮುಕ್ಕಾಲು ಇಂಚು. ಗಾಜಿಗೂ ಕಾಗದಕ್ಕೂ ನಡುವೆ ಕೂರಿಸುವ ದಪ್ಪ ರಟ್ಟಿಗೆ ನಮ್ಮ ಕಸುಬಿನಲ್ಲಿ ಮೌಂಟ್ ಎನ್ನುತ್ತೇವೆ. ಅದರಲ್ಲಿ ಸಾಮಾನ್ಯವಾಗಿ ಕಾಗದ ಕಾಣಲೆಂದು ಒಂದೇ ಕಿಟಕಿ ಕತ್ತರಿಸುವುದು ವಾಡಿಕೆ. ನಾನು ಮೇಲೊಂದು ಕೆಳಗೊಂದು ಎರಡು ಕಿಟಕಿ ಕತ್ತರಿಸಿ ನಡುವೆ ಪಟ್ಟಿ ಬಿಟ್ಟೆ. ಕಿಟಕಿಗಳ ಅಂಚಿಗೆ ಚಿನ್ನದ ಬಣ್ಣದ ಗೆರೆಯನ್ನೂ ಎಳೆದೆ. ಆ ಗೆರೆಯನ್ನು ಯಾರೂ ಕೇಳಿರಲಿಲ್ಲ.

ನನಗೆ ಕಸುಬು ಕಲಿಸಿದವರು ನನ್ನ ಸೋದರಮಾವ. ಜನ ನಮ್ಮ ಹತ್ತಿರ ಸತ್ತವರ ಕಾಗದ, ಜಗಳದ ಕಾಗದ, ಪ್ರೀತಿಯ ಕಾಗದ ಎಲ್ಲವನ್ನೂ ತರುತ್ತಾರೆ, ಅಂಚು ನೋಡು, ಅಕ್ಷರ ಓದಬೇಡ ಎಂದು ಮೊದಲ ದಿನವೇ ಹೇಳಿಕೊಟ್ಟಿದ್ದರು. ಕಾಗದ ಕೈಗೆ ಬಂದ ಕೂಡಲೇ ಮೇಜಿನ ಮೇಲೆ ಬೋರಲು ಹಾಕಿ ಹಿಂಬದಿಯಿಂದಲೇ ಅಳತೆ ಹಿಡಿಯುವುದು ನಮ್ಮ ಪದ್ಧತಿ. ಈ ಕಾಗದವನ್ನೂ ಹಾಗೆಯೇ ಬೋರಲು ಹಾಕಿದೆ. ಶಾಯಿ ಹರಡಿದೆಯೋ ಇಲ್ಲವೋ ತಿರುಗಿಸಿ ನೋಡಲಿಲ್ಲ. ನೋಡದೇ ಇದ್ದದ್ದನ್ನು ದೊಡ್ಡತನ ಎಂದುಕೊಂಡಿದ್ದೆ. ನನ್ನ ಅಳತೆ ಪುಸ್ತಕದ ಆ ದಿನದ ಪುಟದಲ್ಲಿ ಹದಿನಾಲ್ಕು ಹದಿನೆಂಟರ ಚೌಕಟ್ಟು, ತೇಗದ ಬಣ್ಣ, ಎರಡು ಕಿಟಕಿ, ನಡುಪಟ್ಟಿ ಎರಡೂಮುಕ್ಕಾಲು ಎಂದು ನನ್ನ ಕೈಬರಹದಲ್ಲಿಯೇ ಇದೆ. ಪುಸ್ತಕವನ್ನು ಹಾಜರುಪಡಿಸಿದ್ದೇನೆ.

ಈ ವರ್ಷ ಜನವರಿ 9ರಂದು ಬೆಳಿಗ್ಗೆ 10-40ಕ್ಕೆ ನನ್ನ ಹೆಂಡತಿ ಮನೆಯಿಂದ ಅಂಗಡಿಗೆ ಎರಡು ಅಡಿ ಮೂರು ಅಡಿಯ ಗಾಜು ಹಿಡಿದು ಇಳಿಯುತ್ತಿದ್ದಾಗ ಮೇಲಿನಿಂದ ಹದಿನಾಲ್ಕನೇ ಮೆಟ್ಟಿಲಲ್ಲಿ ಜಾರಿದಳು. ಗಾಜನ್ನು ಎರಡೂ ಕೈಯಿಂದ ಮೇಲೆತ್ತಿ ಹಿಡಿದೇ ಬಲ ಮಂಡಿಯ ಮೇಲೆ ಬಿದ್ದಳು. ಗಾಜು ಒಡೆಯಲಿಲ್ಲ. ನಾನು ಓಡಿಹೋಗಿ ಮೊದಲು ಅವಳ ಕೈಯಿಂದ ಗಾಜು ತೆಗೆದುಕೊಂಡೆ, ಆಮೇಲೆ ಅವಳನ್ನು ಎತ್ತಿದೆ. ಈ ವಿಷಯ ದೂರಿಗೆ ಸಂಬಂಧಪಡುವುದಿಲ್ಲ ಎಂದು ಮುಖ್ಯ ಪೇದೆಯವರು ಹೇಳಿದರು. ಆದರೂ ಬರೆಸಿದ್ದೇನೆ.

ಅದೇ ದಿನ 46 ಕಿಲೋಮೀಟರ್ ದೂರದ ದೊಡ್ಡಾಸ್ಪತ್ರೆಗೆ ಸೇರಿಸಿದೆವು. ಮಂಡಿಚಿಪ್ಪು ಮೂರು ಹೋಳಾಗಿತ್ತು. ತಂತಿ ಹಾಕಿ ಬಿಗಿದರು. ಜನವರಿ 17ರಂದು ಇಬ್ಬರು ಹಮಾಲರು ಅವಳನ್ನು ಕುರ್ಚಿಯಲ್ಲಿ ಕೂರಿಸಿ ಮೆಟ್ಟಿಲು ಹತ್ತಿಸಿದರು. ಕಾಲು ಮಡಚದಂತೆ ಉದ್ದಕ್ಕೂ ಪಟ್ಟಿ ಕಟ್ಟಿತ್ತು. ಹಾಸಿಗೆಯನ್ನು ಕಿಟಕಿಯ ಪಕ್ಕಕ್ಕೆ ಎಳೆದುಕೊಟ್ಟೆ. ಅಲ್ಲಿಂದ ಅವಳಿಗೆ ಕಾಣುವುದು ಗಡಿಯಾರ ರಿಪೇರಿಯವರ ಬೋರ್ಡು, ಅದರಾಚೆ ಔಷಧಿ ಅಂಗಡಿಯ ಶಟರು, ಒಂದು ತುಂಡು ರಸ್ತೆ, ಇಷ್ಟೇ. ನಿಮ್ಮ ಪಟಗಳ ಜೊತೆಗೆ ನನ್ನನ್ನೂ ಒಂದು ಮೊಳೆಗೆ ನೇತುಹಾಕಿದಿರಿ, ಇನ್ನು ಧೂಳು ಒರೆಸುತ್ತಿರಿ ಎಂದು ಅವಳು ನಗೆಯಾಡುತ್ತಿದ್ದಳು. ಮೊದಮೊದಲು ನಾನೂ ನಗುತ್ತಿದ್ದೆ.

ಔಷಧಿ ಅಂಗಡಿಯಲ್ಲಿ ಮಾತ್ರೆ ಕೊಡುವ ಹೆಂಗಸನ್ನು ನಮ್ಮ ಬೀದಿಯಲ್ಲಿ ಮಾತ್ರೆಯಮ್ಮ ಎನ್ನುತ್ತಾರೆ. ವಯಸ್ಸು ಸುಮಾರು 45. ಎಡ ಹುಬ್ಬಿನ ನಡುವೆ ಹಳೆಯ ಗಾಯದ ಗೆರೆ ಇದೆ. ಅವರು ಬೆಳಿಗ್ಗೆ 9-00ಕ್ಕೆ ಶಟರು ಎತ್ತುವುದನ್ನು ನನ್ನ ಹೆಂಡತಿ ದಿನಾ ನೋಡುತ್ತಿದ್ದಳು. ಬೇರೆಯವರು ಬೆನ್ನು ಬಗ್ಗಿಸಿ ಎತ್ತುತ್ತಾರೆ, ಈಕೆ ಬೆನ್ನು ನೆಟ್ಟಗಿಟ್ಟು ಮಂಡಿ ಬಗ್ಗಿಸಿ ಎತ್ತುತ್ತಾಳೆ, ಯಾರೋ ಕಲಿಸಿರಬೇಕು ಎಂದು ಒಮ್ಮೆ ಹೇಳಿದಳು. ಹಾಸಿಗೆಯಲ್ಲಿರುವವರಿಗೆ ಊರವರ ಮಂಡಿಯೇ ಕಾಣುತ್ತದೆ ಎಂದು ನಾನು ಗೇಲಿ ಮಾಡಿದೆ.

ಫೆಬ್ರವರಿ 28ರಂದು ಮತ್ತೆ ಕುರ್ಚಿಯಲ್ಲಿ ಇಳಿಸಿ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಕಾಲಿನ ಪಟ್ಟಿ ಬಿಚ್ಚಿದರು. ಮಂಡಿ 20 ಡಿಗ್ರಿಗಿಂತ ಹೆಚ್ಚು ಮಡಚಲಿಲ್ಲ. ಮೆಟ್ಟಿಲು ಇಳಿಯಬೇಕಾದರೆ 90 ಡಿಗ್ರಿ ಬೇಕು, ನೋಂದಣಿ ಇರುವ ಫಿಸಿಯೋಥೆರಪಿಸ್ಟ್ ಒಬ್ಬರನ್ನು ಹುಡುಕಿ ತಡಮಾಡದೆ ವ್ಯಾಯಾಮ ಶುರುಮಾಡಿಸಿ, ಎರಡು ಮೂರು ತಿಂಗಳು ಬಿಟ್ಟರೆ ಮಂಡಿ ಹಾಗೇ ಗಟ್ಟಿಯಾಗಿಬಿಡುತ್ತದೆ, ಅವರ ನೋಂದಣಿ ಸಂಖ್ಯೆ ಕೇಳಿ ನೋಡಿಕೊಳ್ಳಿ ಎಂದು ಶಸ್ತ್ರಚಿಕಿತ್ಸೆ ಮಾಡಿದ ಡಾಕ್ಟರು ಹೇಳಿದರು. ಸಂಖ್ಯೆಯ ಮಾತನ್ನು ಎರಡು ಸಲ ಹೇಳಿದರು. ಮಾರ್ಚ್ 3ರಂದು ಅದೇ ಆಸ್ಪತ್ರೆಯ ಥೆರಪಿಸ್ಟರ ಹತ್ತಿರ ಹೋಗಿ ಬಂದೆವು. ಮೆಟ್ಟಿಲು ಇಳಿಸಿ ಬಸ್ಸು ಹತ್ತಿಸಲು 1 ಗಂಟೆ 10 ನಿಮಿಷ ಹಿಡಿಯಿತು. ಬಸ್ಸಿನಲ್ಲಿ ಮಡಚಲಾಗದ ಕಾಲನ್ನು ದಾರಿಗೆ ಚಾಚಿ ಕೂತಿದ್ದಳು. ಏಳು ಜನ ಅದನ್ನು ದಾಟಿ ಹೋದರು, ಇಬ್ಬರು ಎಡವಿದರು. ದಿನಾ ಹೀಗೆ ಹೋಗಿ ಬರುವುದಾದರೆ ನನ್ನನ್ನು ಇಲ್ಲೇ ಬಿಟ್ಟುಬಿಡಿ ಎಂದಳು.

ಮಾರ್ಚ್ 4ರಿಂದ 26ರವರೆಗೆ 23 ದಿನ ನಮ್ಮ ಊರಿನಲ್ಲೇ ಒಬ್ಬರನ್ನು ಹುಡುಕಿದೆ. ಆರೋಗ್ಯ ಕೇಂದ್ರದಲ್ಲಿ ಆ ಹುದ್ದೆ ನಾಲ್ಕು ವರ್ಷದಿಂದ ಖಾಲಿ, ಆ ಕೋಣೆಯಲ್ಲಿ ಮುರಿದ ಮಂಚಗಳನ್ನು ತುಂಬಿದ್ದರು. ಒಂದು ವ್ಯಾಯಾಮಶಾಲೆಯವರು ಕಾಲಿಗೆ ಮೂರು ಕಿಲೋ ಮರಳುಚೀಲ ಕಟ್ಟಿದರೆ ತಾನಾಗಿ ಸರಿಹೋಗುತ್ತದೆ ಎಂದರು. ಒಬ್ಬರ ಹತ್ತಿರ ಕರೆಂಟಿನ ಯಂತ್ರ ಇತ್ತು, ಓದು ಇರಲಿಲ್ಲ. ಗಡಿಯಾರ ರಿಪೇರಿಯವರು ತಮ್ಮ ಮೊಬೈಲಿನಲ್ಲಿ ನೋಂದಾಯಿತರ ಪಟ್ಟಿ ತೆಗೆದು ತೋರಿಸಿದರು. ನಮ್ಮ ಊರಿನ ಮೂರು ಹೆಸರುಗಳಿದ್ದವು. ಒಬ್ಬರು ತೀರಿಕೊಂಡಿದ್ದರು. ಒಬ್ಬರು ದೇಶ ಬಿಟ್ಟಿದ್ದರು. ಮೂರನೆಯವರು ಒಬ್ಬ ಹೆಂಗಸು. ಅವರ ಕ್ಲಿನಿಕ್ ಇದ್ದ ವಿಳಾಸದಲ್ಲಿ ಈಗ ಚಪ್ಪಲಿ ಅಂಗಡಿ ಇದೆ. ಚಪ್ಪಲಿ ಅಂಗಡಿಯವರು, ನಾವು ಬಂದು ಎಂಟು ವರ್ಷವಾಯಿತು, ಹಿಂದೆ ಯಾರಿದ್ದರೋ ಗೊತ್ತಿಲ್ಲ ಎಂದರು. ಆ ಹೆಸರನ್ನು ಒಂದು ಚೀಟಿಯಲ್ಲಿ ಬರೆದು ಅಂಗಿಯ ಜೇಬಿನಲ್ಲಿ ಇಟ್ಟುಕೊಂಡೆ. ಯಾರನ್ನು ಕೇಳಿದರೂ ಆ ಹೆಸರಿನವರು ಗೊತ್ತಿಲ್ಲ ಎಂದರು.

ದಿನಾ ಸಂಜೆ ಮೆಟ್ಟಿಲು ಹತ್ತುವಾಗ ನನ್ನ ಹೆಜ್ಜೆ ಸದ್ದು ಕೇಳಿಯೇ ಅವಳಿಗೆ ಯಾರೂ ಸಿಗಲಿಲ್ಲ ಎಂದು ಗೊತ್ತಾಗುತ್ತಿತ್ತು. ಕೇಳುತ್ತಿರಲಿಲ್ಲ. ಮೂಲೆ ಕತ್ತರಿಸಲು ಬಳಸುವ ಕೋನಮಾಪಕದಿಂದ ನಾನು ಅವಳ ಮಂಡಿಯನ್ನು ಅಳೆದು ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಬರೆದಿಡುತ್ತಿದ್ದೆ. 23 ದಿನಗಳಲ್ಲಿ 20 ಇದ್ದದ್ದು 22 ಆಯಿತು. ಹೆಚ್ಚು ಬರಲಿ ಎಂಬ ಆಸೆಗೆ ಮಾಪಕವನ್ನು ಒಂದು ಕೂದಲೆಳೆ ಓರೆ ಹಿಡಿದದ್ದೂ ಉಂಟು.

ಮಾರ್ಚ್ 26ರಂದು ಬೀಗದ ಕೈ ಮಾಡುವವರು, ಹಿಟ್ಟಿನ ಗಿರಣಿಯ ಹಿಂದಿನ ಓಣಿಯಲ್ಲಿ ಒಬ್ಬರಿದ್ದಾರೆ, ಎಲ್ಲರೂ ಬೆಣ್ಣೆಗೈ ಎನ್ನುತ್ತಾರೆ, ಕೈಗುಣ ಚೆನ್ನಾಗಿದೆ ಎಂದು ತಿಳಿಸಿದರು. ಮಾರ್ಚ್ 27ರಂದು ಸಂಜೆ 4-15ಕ್ಕೆ ನಾನು ಅಲ್ಲಿಗೆ ಹೋದೆ. ನಮ್ಮ ಮನೆಯಿಂದ 1.1 ಕಿಲೋಮೀಟರ್. ಹತ್ತು ಹನ್ನೆರಡು ಅಡಿಯ ಕೋಣೆ. ಒಂದು ಮಂಚ, ಒಂದು ಕೆಂಪು ದೀಪ, ಎಣ್ಣೆ ಬಾಟಲಿಗಳು. ಎದುರು ಗೋಡೆಯ ಮೇಲೆ ನಾನು ಹಾಕಿದ ಚೌಕಟ್ಟು. ಬಾಗಿಲಲ್ಲೇ ಗುರುತು ಸಿಕ್ಕಿತು. ಎರಡು ಕಿಟಕಿ, ಚಿನ್ನದ ಗೆರೆ, ಒಂಬತ್ತು ವರ್ಷವಾದರೂ ಒಂದು ಮೂಲೆಯೂ ಬಿಟ್ಟಿರಲಿಲ್ಲ.

ತಮಗೆ ಲೈಸೆನ್ಸ್ ಇದೆಯೇ ಎಂದು ನಾನು ಕೇಳಿದೆ. ಬೆಣ್ಣೆಗೈ ಕೈಯ ಎಣ್ಣೆ ಒರೆಸಿಕೊಂಡು ಗೋಡೆ ತೋರಿಸಿ ಇಷ್ಟು ಹೇಳಿದರು:

"ನಿಮ್ಮ ಕೈಯಿಂದಾನೇ ಹೋಗಿದ್ದಲ್ವಾ ಅದು. ನಿಮಗಿಂತ ಚೆನ್ನಾಗಿ ಇನ್ಯಾರು ನೋಡಿರ್ತಾರೆ?"

ಮೇಲಿನ ಕಿಟಕಿಯಲ್ಲಿ ಲಾಂಛನ ಮತ್ತು ನೋಂದಣಿ ಪ್ರಮಾಣಪತ್ರ ಎಂಬ ದಪ್ಪ ಅಕ್ಷರ, ಕೆಳಗಿನ ಕಿಟಕಿಯಲ್ಲಿ ಸಹಿ ಮತ್ತು ಗುಂಡು ಮುದ್ರೆ ಕಾಣುತ್ತಿದ್ದವು. ಸಂಖ್ಯೆ ಎಲ್ಲಿದೆ ಎಂದು ನಾನು ಹುಡುಕಲಿಲ್ಲ. ನಾನು ನೋಡಿದ್ದು ಮೂಲೆಯ ಜೋಡಣೆಯನ್ನು. ಬೇರೆ ಯಾರ ಗೋಡೆಯ ಮೇಲಿನ ಕಾಗದವಾಗಿದ್ದರೂ ಹತ್ತಿರ ಹೋಗಿ ಓದುತ್ತಿದ್ದೆ. ನನ್ನದೇ ಕೆಲಸ ಎಂದು ನಂಬಿದೆ. ನನಗೆ ಖುಷಿಯೂ ಆಯಿತು, ಅದನ್ನು ಮುಚ್ಚಿಡುವುದಿಲ್ಲ. ಮನೆಗೆ ಬಂದು, ಸಿಕ್ಕರು, ನಮ್ಮ ಗಿರಾಕಿಯೇ ಎಂದು ಹೆಂಡತಿಗೆ ಹೇಳಿದೆ. ಅವಳು ಬಹಳ ದಿನಗಳ ಮೇಲೆ ತಲೆ ಬಾಚಿಕೊಂಡಳು.

ಮಾರ್ಚ್ 29ರಿಂದ ಬೆಣ್ಣೆಗೈ ದಿನ ಬಿಟ್ಟು ದಿನ ಬೆಳಿಗ್ಗೆ 11-00ಕ್ಕೆ ನಮ್ಮ ಮನೆಗೆ ಬರತೊಡಗಿದರು. ಮೊದಲ ಆರು ಭೇಟಿಯಲ್ಲಿ ಎಣ್ಣೆ ಸವರಿ, ಕೆಂಪು ದೀಪ ಹಿಡಿದು, ಮೆಲ್ಲಗೆ ತಿಕ್ಕಿ ಹೋಗುತ್ತಿದ್ದರು. ಗೋಡೆಯ ಅಂಕಿ 31ಕ್ಕೆ ಬಂತು. ಏಪ್ರಿಲ್ 10ರಂದು, ಏಳನೇ ಭೇಟಿಯಲ್ಲಿ, ಕಾಲನ್ನು ಒತ್ತಿ ಮಡಚಲು ಶುರುಮಾಡಿದರು. ಅವರು ಹೋದ ಮೇಲೂ ಸಂಜೆಯವರೆಗೆ ನೋವು ಇಳಿಯಲಿಲ್ಲ, ಮಂಡಿ ಊದಿಕೊಂಡಿತು. ನೋವಿನ ಮಾತ್ರೆ ತರಲು ಸಂಜೆ 6-10ಕ್ಕೆ ಔಷಧಿ ಅಂಗಡಿಗೆ ಹೋದೆ.

ಮಾತ್ರೆಯಮ್ಮ ಡಾಕ್ಟರು ಬರೆದ ಔಷಧಿ ಚೀಟಿ ನೋಡಿ, ಥೆರಪಿ ಮಾಡುತ್ತಿರುವವರು ಯಾರು ಎಂದು ಕೇಳಿದರು. ಹೇಳಿದೆ. ಅವರು ಚೀಟಿಯನ್ನು ಪಕ್ಕಕ್ಕಿಟ್ಟರು. ಆಮೇಲೆ, ನೋವು ಎರಡು ಗಂಟೆಗಿಂತ ಹೆಚ್ಚು ನಿಂತರೆ ಆ ದಿನದ ಕೆಲಸ ಅತಿಯಾಯಿತೆಂದು ಲೆಕ್ಕ, ಬಲವಂತವಾಗಿ ಮಡಚಲು ಯಾರಿಗೂ ಬಿಡಬೇಡಿ, ಹಿಮ್ಮಡಿಯನ್ನು ಹಾಸಿಗೆಯ ಮೇಲೆ ತಾನಾಗಿ ಜಾರಿಸಿ ಎಳೆದುಕೊಳ್ಳಲಿ, ಅವರ ನೋಂದಣಿ ಸಂಖ್ಯೆ ನೋಡಿದ್ದೀರಾ ಎಂದು ವಿಚಾರಿಸಿದರು. ಅದರ ಚೌಕಟ್ಟು ನಾನೇ ಹಾಕಿದ್ದು ಎಂದು ನಾನು ಹೇಳಿದೆ. ನಾನು ಕೇಳಿದ್ದು ಚೌಕಟ್ಟಲ್ಲ, ಸಂಖ್ಯೆ ಎಂದರು. ನನಗೆ ಸಿಟ್ಟು ಬಂತು. ಮಾತ್ರೆ ಕೊಡುವವರು ಮಾತ್ರೆ ಕೊಟ್ಟರೆ ಸಾಕು ಎಂದು ನಾಲ್ಕು ಜನ ಗಿರಾಕಿಗಳ ಎದುರು ಅಂದುಬಿಟ್ಟೆ. ಅವರು ಮಾತ್ರೆಯ ಪೊಟ್ಟಣವನ್ನು ಮಡಚಿ ನನ್ನ ಕೈಗಿಟ್ಟರು. ಆ ದಿನದಿಂದ ನಾನು ಎರಡು ಬೀದಿ ಆಚೆಯ ಔಷಧಿ ಅಂಗಡಿಗೆ ಹೋಗುತ್ತಿದ್ದೆ.

ಏಪ್ರಿಲ್ 24ರಂದು ಹದಿನಾಲ್ಕನೇ ಭೇಟಿ. ಗೋಡೆಯ ಅಂಕಿ 41ರಲ್ಲೇ ನಾಲ್ಕು ಭೇಟಿಯಿಂದ ನಿಂತಿತ್ತು. ಬೆಣ್ಣೆಗೈ 11-05ಕ್ಕೆ ಬಂದು, ಹೀಗೆ ಚೂರು ಚೂರು ಮಾಡಿದರೆ ವರ್ಷವಾದರೂ ಮುಗಿಯುವುದಿಲ್ಲ, ಒಳಗೆ ಅಂಟಿಕೊಂಡಿರುವುದನ್ನು ಒಂದೇ ಸಲಕ್ಕೆ ಬಿಡಿಸಬೇಕು, ಸ್ವಲ್ಪ ಕಿರುಚುತ್ತಾರೆ, ನೀವು ಭುಜ ಹಿಡಿದುಕೊಳ್ಳಿ ಎಂದು ನನಗೆ ಹೇಳಿದರು. ನಾನು ತಲೆದಿಂಬಿನ ಕಡೆ ನಿಂತು ಅವಳ ಎರಡೂ ಭುಜ ಹಿಡಿದುಕೊಂಡೆ. ಆಗ ಸಮಯ 11-25. ಅವಳು ಕಿರುಚಲಿಲ್ಲ. ದಿಂಬಿನ ಬಟ್ಟೆಯ ಮೂಲೆಯನ್ನು ಬಾಯಲ್ಲಿ ಕಚ್ಚಿಕೊಂಡಳು. ಅವರು ಕಣಕಾಲಿನ ಮೇಲೆ ತಮ್ಮ ಮೈಭಾರ ಹಾಕಿದರು. ಸ್ವಲ್ಪ ಹೊತ್ತಿಗೆ ಅವಳು ಬಟ್ಟೆಯನ್ನು ಬಾಯಿಂದ ಬಿಟ್ಟು, ಅವರನ್ನಲ್ಲ, ನನ್ನನ್ನು ನೋಡಿ ಹೇಳಿದಳು:

"ಬಿಡ್ರೀ, ಸಾಕು."

ನಾನು ಬಿಡಲಿಲ್ಲ. ಇನ್ನೊಂದು ಚೂರು, ಇನ್ನೊಂದು ಚೂರು ಎಂದು ನಾನೇ ಅವಳಿಗೆ ಹೇಳುತ್ತಿದ್ದೆ. 11-32ಕ್ಕೆ ಮಂಡಿಯೊಳಗಿಂದ ಸದ್ದು ಬಂತು. ಚೌಕಟ್ಟಿನ ಕಟ್ಟಿಗೆಗೆ ತಪ್ಪು ಜಾಗದಲ್ಲಿ ಮೊಳೆ ಹೊಡೆದಾಗ ಎಳೆಯುದ್ದಕ್ಕೂ ಸೀಳುವ ಸದ್ದು. 31 ವರ್ಷದಲ್ಲಿ ಆ ಸದ್ದನ್ನು ನೂರಾರು ಸಲ ಕೇಳಿದ್ದರಿಂದ ಏನಾಯಿತೆಂದು ನನಗೆ ತಕ್ಷಣ ಗೊತ್ತಾಯಿತು. ಅಂಟು ಬಿಟ್ಟ ಸದ್ದು, ಇನ್ನು ಸಲೀಸು, ಎರಡು ದಿನ ವಿಶ್ರಾಂತಿ ಕೊಡಿ ಎಂದು ಹೇಳಿ ಬೆಣ್ಣೆಗೈ 11-40ಕ್ಕೆ ಇಳಿದು ಹೋದರು. ಹೋಗುವಾಗ ಕೆಂಪು ದೀಪವನ್ನು ಮರೆಯದೆ ತೆಗೆದುಕೊಂಡರು. ನನ್ನ ಕೈಗಳು ಆಗಲೂ ಅವಳ ಭುಜದ ಮೇಲೇ ಇದ್ದವು.

ಏಪ್ರಿಲ್ 25ರಂದು ಕುರ್ಚಿಯಲ್ಲಿ ಇಳಿಸಿ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದೆವು. ತಂತಿ ತುಂಡಾಗಿದೆ, ಕೂಡಿಕೊಳ್ಳುತ್ತಿದ್ದ ಮಂಡಿಚಿಪ್ಪು ಮತ್ತೆ ಬಿರಿದಿದೆ, ಊತ ಇಳಿದ ಮೇಲೆ ಎರಡನೇ ಸಲ ಶಸ್ತ್ರಚಿಕಿತ್ಸೆ ಮಾಡಬೇಕು ಎಂದು ಡಾಕ್ಟರು ತಿಳಿಸಿದರು. ಥೆರಪಿ ಮಾಡಿದವರ ನೋಂದಣಿ ಸಂಖ್ಯೆ ಹೇಳಿ, ಬರೆದುಕೊಳ್ಳುತ್ತೇನೆ ಎಂದರು. ಆ ಸಂಖ್ಯೆಯನ್ನು ನಾನು ನೋಡಿಯೇ ಇರಲಿಲ್ಲ. ಅವರು ಆ ಜಾಗವನ್ನು ಖಾಲಿ ಬಿಟ್ಟರು. ಏಪ್ರಿಲ್ 27ರಂದು ಅವಳನ್ನು ಮತ್ತೆ ಮೇಲೆ ಹತ್ತಿಸಿದರು. ಹಮಾಲರಲ್ಲಿ ಒಬ್ಬರು, ಅಕ್ಕಾ, ಈ ಮೆಟ್ಟಿಲುಗಳ ಎಣಿಕೆ ನಮಗೆ ಬಾಯಿಪಾಠ ಆಗಿದೆ ಎಂದರು. ಅವಳು ನಗಲಿಲ್ಲ.

ಈ ದಿನ, ಏಪ್ರಿಲ್ 28ರಂದು, ಬೆಳಿಗ್ಗೆ 10-10ಕ್ಕೆ ನಾನು ಬೆಣ್ಣೆಗೈ ಕೋಣೆಗೆ ಹೋದೆ. ಅವರು ಒಬ್ಬ ಮುದುಕರ ಸೊಂಟ ತಿಕ್ಕುತ್ತಿದ್ದರು. ಹೆಂಡತಿ ಹೇಗಿದ್ದಾರೆ ಎಂದು ಅವರಾಗಿ ಕೇಳಲಿಲ್ಲ. ನಿಮ್ಮ ಪಟದ ಗಾಜಿಗೆ ಒಳಗಿನಿಂದ ಬೂಷ್ಟು ಹಿಡಿಯುತ್ತಿದೆ, ಕಾಗದ ಹಾಳಾಗುತ್ತದೆ, ಬಿಚ್ಚಿ ಒರೆಸಿ ಸಂಜೆ 5-00ಕ್ಕೆ ತಂದುಕೊಡುತ್ತೇನೆ ಎಂದು ಹೇಳಿದೆ. ಗಾಜಿಗೆ ಏನೂ ಆಗಿರಲಿಲ್ಲ. ಗಿರಾಕಿಗೆ ನಾನು ಹೇಳಿದ ಮೊದಲ ಸುಳ್ಳು ಇದು. ಅವರು ಮುದುಕರ ಸೊಂಟದಿಂದ ಕೈ ತೆಗೆಯದೆ, ತಗೊಂಡು ಹೋಗಿ, ನಿಮ್ಮದೇ ಅಲ್ಲವೇ ಎಂದರು.

10-50ಕ್ಕೆ ಮನೆ ಮುಟ್ಟಿದೆ. ಬಿಚ್ಚುವುದಾದರೆ ನನ್ನೆದುರೇ ಬಿಚ್ಚಿ ಎಂದು ಹೆಂಡತಿ ಹೇಳಿದ್ದರಿಂದ ಅವಳ ಹಾಸಿಗೆಯ ಮೇಲೆಯೇ ಹಳೆ ಬಟ್ಟೆ ಹಾಸಿ ಪಟವನ್ನು ಬೋರಲು ಇಟ್ಟೆ. ಹಿಂಬದಿಯಲ್ಲಿ 22 ಸಣ್ಣ ಮೊಳೆಗಳಿದ್ದವು. ನಾನು ಒಂದೊಂದಾಗಿ ಕಿತ್ತು ಕೊಟ್ಟೆ, ಅವಳು ಎಣಿಸಿಕೊಂಡು ಬಟ್ಟಲಿಗೆ ಹಾಕಿದಳು. 11-15ಕ್ಕೆ ಕಾಗದ ಹೊರಗೆ ಬಂತು. ಒಂಬತ್ತು ವರ್ಷದ ಹಿಂದೆ ಮಾಡದಿದ್ದ ಕೆಲಸ ಮಾಡಿದೆ. ತಿರುಗಿಸಿ ಓದಿದೆ.

ಎಲ್ಲಿಯೂ ನೀರಿನ ಕಲೆ ಇರಲಿಲ್ಲ. ಶಾಯಿ ಹರಡಿರಲಿಲ್ಲ. ನನ್ನ ಪಟ್ಟಿ ಕೂತಿದ್ದ ಎರಡೂಮುಕ್ಕಾಲು ಇಂಚು ಉಳಿದ ಕಾಗದಕ್ಕಿಂತ ಬೆಳ್ಳಗೆ ಹೊಸದರಂತೆ ಇತ್ತು. ಅದರಲ್ಲಿ ನೋಂದಣಿ ಸಂಖ್ಯೆ ಇತ್ತು. ಒಂದು ಹೆಸರು ಇತ್ತು. ಜೇಬಿನಿಂದ ಚೀಟಿ ತೆಗೆದು ಹೋಲಿಸಿ ನೋಡಿದೆ, ಚಪ್ಪಲಿ ಅಂಗಡಿಯ ವಿಳಾಸದವರ ಹೆಸರು ಅದೇ. ಹೆಸರಿನ ಪಕ್ಕದಲ್ಲಿ ಒಂದು ಸಣ್ಣ ಫೋಟೋ ಅಂಟಿಸಿತ್ತು. ಸುಮಾರು 23 ವರ್ಷದ ಹುಡುಗಿ, ಎಡ ಹುಬ್ಬಿನ ನಡುವೆ ಗಾಯದ ಗೆರೆ. ಹೆಂಡತಿ ಅದನ್ನು ಕೈಗೆ ತೆಗೆದುಕೊಂಡು ನೋಡಿದಳು. ಆಮೇಲೆ ಕಿಟಕಿಯ ಹೊರಗೆ ಔಷಧಿ ಅಂಗಡಿಯ ಕಡೆ ನೋಡಿದಳು.

"ಬಗಲಲ್ಲಿ ಕೂಸಿಟ್ಕೊಂಡು ಊರೆಲ್ಲಾ ಹುಡುಕಿದ್ರಲ್ರೀ," ಎಂದಳು.

ಔಷಧಿ ಅಂಗಡಿ ನಮ್ಮ ಹೊಸ್ತಿಲಿನಿಂದ ನನ್ನ ಹೆಜ್ಜೆಯ ಲೆಕ್ಕದಲ್ಲಿ 83 ಹೆಜ್ಜೆ. ಆ ಚೀಟಿಯ ಹೆಸರನ್ನು ಅಲ್ಲಿ ಮಾತ್ರ ನಾನು ಕೇಳಿರಲಿಲ್ಲ. 11-40ಕ್ಕೆ ಅಲ್ಲಿಗೆ ಹೋಗಿ ಕಾಗದವನ್ನು ಮಾತ್ರೆಯಮ್ಮನವರ ಮುಂದೆ ಇಟ್ಟೆ. ಅವರು ಅದನ್ನು ಮುಟ್ಟದೆ ಮೊದಲು ನಿಂತಿದ್ದ ಗಿರಾಕಿಗೆ ಔಷಧಿ ಕುಡಿಯುವ ಕ್ರಮ ಪೂರ್ತಿ ಹೇಳಿ ಕಳಿಸಿದರು. ಆಮೇಲೆ ಕುರ್ಚಿಯಲ್ಲಿ ಕೂತುಕೊಂಡರು. ಅವರು ತಿಳಿಸಿದ್ದೇನೆಂದರೆ, ಹಿಂದೆ ಅವರ ಕ್ಲಿನಿಕ್ಕಿನಲ್ಲಿ ಬೆಣ್ಣೆಗೈ ರೋಗಿಗಳನ್ನು ಎತ್ತಿ ಕೂರಿಸುವ ಸಹಾಯಕನಾಗಿದ್ದ. ತಾಯಿಯ ಕಾಯಿಲೆಗೆಂದು ಅವರು ನಾಲ್ಕು ತಿಂಗಳು ಕ್ಲಿನಿಕ್ ಮುಚ್ಚಿದಾಗ ಕೀಲಿ ಅವನ ಕೈಯಲ್ಲಿತ್ತು. ಬಂದು ನೋಡುವಾಗ ಪ್ರಮಾಣಪತ್ರ, ಅದರ ನಕಲುಗಳು, ಒಂದೂ ಇರಲಿಲ್ಲ, ಅವನೂ ಇರಲಿಲ್ಲ. ಎರಡು ವರ್ಷ ಕಳೆದು ಅವನು ಮತ್ತೆ ಊರಿಗೆ ಬಂದು ಎಣ್ಣೆ ತಿಕ್ಕುತ್ತಿದ್ದಾನೆಂದು ತಿಳಿದಾಗ ಹೋಗಿ ಕೇಳಿದರು. ನಾನೇನೂ ಕಂಡಿಲ್ಲ ಎಂದು ಹೊಸ್ತಿಲಲ್ಲೇ ಬಾಗಿಲು ಹಾಕಿಕೊಂಡ. ಪ್ರಮಾಣಪತ್ರ ಕಳೆದಾಗಲೇ ಇದೇ ಠಾಣೆಗೆ ದೂರು ಕೊಡಲು ಬಂದಿದ್ದರು. ಕಳೆದ ಪತ್ರದ ನಕಲು ತನ್ನಿ ಎಂದು ಠಾಣೆಯವರು ಹೇಳಿದರು. ನಕಲಿಗೆ ನೋಂದಣಿ ಕಚೇರಿಗೆ ಬರೆದರೆ, ಠಾಣೆಯ ಸ್ವೀಕೃತಿ ತನ್ನಿ ಎಂದರು. ಏಳು ಸಲ ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಓಡಾಡಿದರು. ಮೂಲಪತ್ರ ತೋರಿಸದೆ ಯಾವ ಆಸ್ಪತ್ರೆಯೂ ಸೇರಿಸಿಕೊಳ್ಳಲಿಲ್ಲ, ನವೀಕರಣವೂ ಆಗಲಿಲ್ಲ. ಕೊನೆಗೆ ಬೋರ್ಡು ಇಳಿಸಿ ಮಾತ್ರೆ ಕೊಡುವ ಕೆಲಸಕ್ಕೆ ಸೇರಿಕೊಂಡರು. ಠಾಣೆಯ ಈ ಭಾಗವನ್ನು ಬರೆದುಕೊಳ್ಳಲು ಮುಖ್ಯ ಪೇದೆಯವರು ಹಿಂದೆಮುಂದೆ ನೋಡಿದರು. ಇನ್ಸ್‌ಪೆಕ್ಟರ್ ಸಾಹೇಬರನ್ನು ಕೇಳಿ ಬಂದು ಬರೆದಿದ್ದಾರೆ.

ಇಷ್ಟು ಹೇಳಿ ಮಾತ್ರೆಯಮ್ಮನವರು ಶಟರು ಎಳೆದು ನನ್ನೊಡನೆ ಹೊರಟರು. 12-05ಕ್ಕೆ ನಮ್ಮ 19 ಮೆಟ್ಟಿಲು ಹತ್ತಿದರು. ಕೈ ತೊಳೆದುಕೊಂಡು, ಕೈ ಬೆಚ್ಚಗಾಗುವವರೆಗೆ ಉಜ್ಜಿಕೊಂಡು, ಆಮೇಲೆ ಮಂಡಿ ಮುಟ್ಟಿದರು. ಮುಟ್ಟುವ ಮೊದಲು, ಮುಟ್ಟಲೇ ಎಂದು ಹೆಂಡತಿಯನ್ನು ಕೇಳಿದರು. ಹದಿನಾಲ್ಕು ಭೇಟಿಯಲ್ಲಿ ಅದನ್ನು ಯಾರೂ ಕೇಳಿರಲಿಲ್ಲ. ಎರಡನೇ ಶಸ್ತ್ರಚಿಕಿತ್ಸೆ ಆಗುವವರೆಗೆ ಏನೂ ಮಾಡುವಂತಿಲ್ಲ, ಆಮೇಲೆ 90 ಡಿಗ್ರಿ ಬರುತ್ತದೆ ಎಂದು ನಾನು ಸುಳ್ಳು ಹೇಳಲಾರೆ, 60 ಬಂದರೆ ಒಂದೊಂದೇ ಮೆಟ್ಟಿಲು ಓರೆಯಾಗಿ ಇಳಿಯಬಹುದು ಎಂದರು. ಮಾರ್ಚ್ ತಿಂಗಳಲ್ಲೇ ನೀವು ಬಂದಿದ್ದರೆ ಎಂದು ನಾನು ಕೇಳಿದೆ. ಅವರು ತಲೆ ಎತ್ತಲಿಲ್ಲ.

"ಕರೆದಿದ್ರೆ ಬರ್ತಿದ್ದೆ," ಎಂದರು.

ನಾನು ಅಳುತ್ತಾ ಮೆಟ್ಟಿಲಿನ ಮೇಲೆ ಹೋಗಿ ಕೂತೆ. ಒಳಗೆ ಅವರಿಬ್ಬರೂ ಶಟರು ಎತ್ತುವ ವಿಷಯ ಮಾತಾಡಿಕೊಳ್ಳುತ್ತಿದ್ದರು.

ಆದ್ದರಿಂದ, ಲೈಸೆನ್ಸ್ ಇಲ್ಲದೆ ಬೇರೊಬ್ಬರ ಪ್ರಮಾಣಪತ್ರ ತೋರಿಸಿ ನನ್ನ ಹೆಂಡತಿಯ ಮಂಡಿಯನ್ನು ಮತ್ತೆ ಮುರಿದ ಬೆಣ್ಣೆಗೈ ಎಂಬ ವ್ಯಕ್ತಿಯ ಮೇಲೆ ಕ್ರಮ ಕೈಗೊಳ್ಳಬೇಕೆಂದು ಕೋರುತ್ತೇನೆ. ಪಟ ವಾಪಸ್ ಬರುತ್ತದೆಂದು ಆತ ಸಂಜೆ 5-00ರವರೆಗೆ ಆ ಕೋಣೆಯಲ್ಲೇ ಕಾಯುತ್ತಿರುತ್ತಾನೆ. ಹಾಗೆಯೇ, ಆ ಹೆಸರನ್ನು ಒಂಬತ್ತು ವರ್ಷ ಮುಚ್ಚಿಟ್ಟ ಪಟ್ಟಿಯನ್ನು ಕತ್ತರಿಸಿದವನು ನಾನು. ಆರೋಪಿಗಳ ಜಾಗದಲ್ಲಿ ನನ್ನನ್ನೂ ಬರೆದುಕೊಳ್ಳಿ ಎಂದು ಕೇಳಿದೆ. ದೂರುದಾರರ ಜಾಗದಲ್ಲಿರುವವರನ್ನು ಅಲ್ಲಿಯೂ ಬರೆಯಲು ಬರುವುದಿಲ್ಲ, ಅಳತೆ ಕೊಟ್ಟಂತೆ ಕತ್ತರಿಸುವುದು ಅಪರಾಧವಲ್ಲ ಎಂದು ಮುಖ್ಯ ಪೇದೆಯವರು ತಿಳಿಸಿದರು. ನಾನು ಕೇಳಿದ್ದನ್ನಾದರೂ ಬರೆದುಕೊಳ್ಳಿ ಎಂದೆ, ಬರೆದುಕೊಂಡಿದ್ದಾರೆ.

ಚೌಕಟ್ಟು, ಗಾಜು, ಎರಡು ಕಿಟಕಿಯ ಮೌಂಟ್, ಪ್ರಮಾಣಪತ್ರ ಮತ್ತು 22 ಮೊಳೆಗಳನ್ನು ಠಾಣೆಗೆ ಒಪ್ಪಿಸಿದ್ದೇನೆ. ಪ್ರಮಾಣಪತ್ರವನ್ನು ಮಾತ್ರೆಯಮ್ಮನವರಿಗೆ ಇವತ್ತೇ ಕೊಡಿ ಎಂದು ಕೋರಿದೆ. ಅದು ಈಗ ಸಾಕ್ಷ್ಯ, ನ್ಯಾಯಾಲಯದ ಆದೇಶ ಬರುವವರೆಗೆ ಬೀರುವಿನಲ್ಲಿ ಇರಬೇಕು ಎಂದರು. ಕಾಗದ ನನ್ನ ಪಟ್ಟಿಯ ಹಿಂದಿನಿಂದ ನಿಮ್ಮ ಬೀರುವಿಗೆ ಹೋದಂತಾಯಿತು ಎಂದು ನಾನು ಹೇಳಿದೆ. ಇನ್ಸ್‌ಪೆಕ್ಟರ್ ಸಾಹೇಬರು ಯೋಚಿಸಿ, ಠಾಣೆಯ ಮುದ್ರೆ ಹಾಕಿದ ನಕಲೊಂದನ್ನೂ ಒಂದು ಸ್ವೀಕೃತಿಯನ್ನೂ ಅವರಿಗೆ ಕೊಡಲು ಆದೇಶಿಸಿದರು. ಅವರು ಏಳು ಸಲ ಕೇಳಿದ್ದು ಅವೆರಡನ್ನೇ.

ನನ್ನ ಹೆಂಡತಿಯ ಹೇಳಿಕೆಯನ್ನೂ ಪಡೆಯಬೇಕಾಗಿರುವುದರಿಂದ ನಾಳೆ ಬೆಳಿಗ್ಗೆ 10-00ಕ್ಕೆ ಅವಳನ್ನು ಠಾಣೆಗೆ ಕರೆದುಕೊಂಡು ಬನ್ನಿ ಎಂದು ಮುಖ್ಯ ಪೇದೆಯವರು ತಿಳಿಸಿದರು. ಅವಳು ಇಳಿಯಲಾರಳು, ನನ್ನ ದೂರೇ ಅದು ಎಂದು ನಾನು ಹೇಳಿದೆ. ಅವರೇ ಮೆಟ್ಟಿಲು ಹತ್ತಿ ಬರಲು ಒಪ್ಪಿದ್ದಾರೆ.

ಕೊನೆಯದಾಗಿ, ನಾನು ಠಾಣೆಗೆ ಹೊರಟಾಗ ಹೆಂಡತಿ ನನ್ನನ್ನು ಹತ್ತಿರ ಕರೆದು, ಪಟ್ಟಿ ಕತ್ತರಿಸಿದ್ದು ಬರೆಸಿ, ಮಾತ್ರೆಯಮ್ಮನಿಗೆ ಅಂದ ಮಾತೂ ಬರೆಸಿ, ನನ್ನ ಭುಜ ಹಿಡಿದುಕೊಂಡದ್ದನ್ನು ಮಾತ್ರ ಬರೆಸಬೇಡಿ, ಅದು ನಮ್ಮ ಮನೆಯ ವಿಷಯ, ಅಲ್ಲೇ ಇರಲಿ ಎಂದಿದ್ದಳು. ಮುಖ್ಯ ಪೇದೆಯವರು ಹೇಳಿಕೆಯನ್ನು ಓದಿ ಹೇಳುತ್ತಾ ಆ ಜಾಗಕ್ಕೆ ಬಂದಾಗ ಈ ಮಾತು ತಿಳಿಸಿದೆ. ಅವರು ಪೆನ್ನು ಎತ್ತಿ, ಹಾಗಾದರೆ ಈ ನಾಲ್ಕು ಸಾಲನ್ನು ಹೊಡೆದುಹಾಕಲೇ ಎಂದು ಕೇಳಿದರು. ಇನ್ನು ಯಾವುದನ್ನೂ ನಾನು ಮುಚ್ಚುವುದಿಲ್ಲ, ಇರಲಿ ಎಂದೆ.

ಮೇಲೆ ಬರೆದಿರುವುದೆಲ್ಲವನ್ನೂ ಓದಿಸಿ ಕೇಳಿದ್ದೇನೆ. ಆಮೇಲೆ ನಾನೇ ಒಂದು ಸಲ, ಅಂಚು ಬಿಟ್ಟು ಅಕ್ಷರ ಅಕ್ಷರ ಓದಿದ್ದೇನೆ. ನಾನು ಹೇಳಿದಂತೆಯೇ ಇದೆ, ಎಲ್ಲವೂ ನಿಜ.

ಸ್ಥಳ: ಪೊಲೀಸ್ ಠಾಣೆ, ಬರಹಗಾರರ ಕೋಣೆ
ದಿನಾಂಕ: ಏಪ್ರಿಲ್ 28, ಸಂಜೆ 4-20 ಗಂಟೆ

ಹೇಳಿಕೆ ಕೊಟ್ಟವರ ಸಹಿ
(ಪಟದಂಗಡಿಯವರು)

ನನ್ನ ಸಮಕ್ಷಮ ಬರೆದುಕೊಂಡಿದ್ದೇನೆ
(ಮುಖ್ಯ ಪೇದೆ)